ಮುನ್ನೂರ ಮೂರರ ನಂತರದ ನಾಲ್ಕು ಇನಿಂಗ್ಸ್

ವೆಸ್ಟ್ ಇಂಡೀಸ್ ವಿರುದ್ಧದ ಸರಣಿಗೆ 2025ರ ಸೆಪ್ಟೆಂಬರ್ ಕೊನೆಯಲ್ಲಿ ಭಾರತದ ಟೆಸ್ಟ್ ತಂಡ ಪ್ರಕಟವಾದಾಗ ಅದರಲ್ಲಿ ಕರುಣ್ ನಾಯರ್ ಹೆಸರಿರಲಿಲ್ಲ. ಬ್ಯಾಟಿಂಗ್ ಸಾಲಿನಲ್ಲಿ ಅವರ ಬದಲಿಗೆ ಬಂದವರೂ ಕರ್ನಾಟಕದವರೇ, ದೇವದತ್ತ ಪಡಿಕ್ಕಲ್. ಆದ್ದರಿಂದ ‘ಕನ್ನಡಿಗರಿಗೆ ಅನ್ಯಾಯ’ ಎಂಬ ನಮ್ಮ ಹಳೆಯ ಕೂಗಿಗೆ ಈ ಸಲ ಆಸ್ಪದವಿರಲಿಲ್ಲ. ಆದರೂ ತಿಪಟೂರಿನ ಕೊಬ್ಬರಿ ಮಂಡಿಗಳಲ್ಲಿ, ತುರುವೇಕೆರೆಯ ಹೋಟೆಲುಗಳಲ್ಲಿ, ಚಿಕ್ಕನಾಯಕನಹಳ್ಳಿಯ ಕ್ಷೌರದಂಗಡಿಯಲ್ಲಿ ಜಗಳ ನಿಲ್ಲಲಿಲ್ಲ. ‘ನಾಲ್ಕು ಟೆಸ್ಟ್ ಕೊಟ್ಟರಲ್ಲ, ಇನ್ನೇನು ಬೇಕಿತ್ತು?’ ಎನ್ನುವವರು ಒಂದು ಕಡೆ. ‘ಮುನ್ನೂರು ಹೊಡೆದವನಿಗೇ ಹೀಗಾದರೆ’ ಎಂದು ಲೊಚಗುಟ್ಟುವವರು ಇನ್ನೊಂದು ಕಡೆ. ಮೂರನೆಯ ಗುಂಪೊಂದಿದೆ. ಅದು ಸ್ವಲ್ಪ ಧ್ವನಿ ತಗ್ಗಿಸಿ, ಅಕ್ಕಪಕ್ಕ ನೋಡಿಕೊಂಡು ಸರ್ಫರಾಜ್ ಖಾನ್ ಹೆಸರೆತ್ತುತ್ತದೆ.

ಈ ಮೂರೂ ಗುಂಪುಗಳ ಜೊತೆ ನಮಗೆ ತಕರಾರಿದೆ. ಯಾಕೆಂದರೆ ಮೂವರೂ ವ್ಯಕ್ತಿಯನ್ನು ಹಿಡಿದುಕೊಂಡು ಮಾತಾಡುತ್ತಿದ್ದಾರೆ. ಎಲ್ಲರನ್ನೂ ಅಳೆಯುವ ಅಳತೆಗೋಲು ಒಂದೇನಾ ಎಂದು ಕೇಳುವವರು ಕಡಿಮೆ.

ಹಳೆಯ ಲೆಕ್ಕದಿಂದಲೇ ಶುರು ಮಾಡೋಣ. 2016ರ ಡಿಸೆಂಬರ್ 19ರಂದು ಚೆನ್ನೈಯಲ್ಲಿ ಇಂಗ್ಲೆಂಡ್ ವಿರುದ್ಧ ಕರುಣ್ ಅಜೇಯ 303 ರನ್ ಗಳಿಸಿದರು. ಟೆಸ್ಟ್ ಕ್ರಿಕೆಟಿನಲ್ಲಿ ಅದು ಅವರ ಮೂರನೆಯ ಇನಿಂಗ್ಸ್ ಅಷ್ಟೆ. ಸೆಹವಾಗ್ ಬಿಟ್ಟರೆ ಭಾರತದ ಇನ್ಯಾರೂ ಅಲ್ಲಿಯವರೆಗೆ ಆ ಎತ್ತರ ಮುಟ್ಟಿರಲಿಲ್ಲ. ಮುಂದಿನ ಟೆಸ್ಟ್ 2017ರ ಫೆಬ್ರವರಿಯಲ್ಲಿ, ಹೈದರಾಬಾದಿನಲ್ಲಿ, ಬಾಂಗ್ಲಾದೇಶದ ವಿರುದ್ಧ. ಗಾಯದಿಂದ ಚೇತರಿಸಿಕೊಂಡು ಅಜಿಂಕ್ಯ ರಹಾನೆ ಮರಳಿದರು, ಕರುಣ್ ಹೊರಗೆ ಕೂತರು. ಒಂದು ಪಂದ್ಯದ ಸಾಧನೆ ಎರಡು ವರ್ಷಗಳ ದುಡಿಮೆಯನ್ನು ಮಸುಕು ಮಾಡಬಾರದು ಎಂಬುದು ನಾಯಕ ಕೊಹ್ಲಿಯವರ ಸಮರ್ಥನೆಯಾಗಿತ್ತು. ಮಾತೇನೋ ನ್ಯಾಯವಾದದ್ದೇ. ಅದನ್ನು ನಾವು ಆಗಲೂ ಒಪ್ಪಿದ್ದೆವು, ಈಗಲೂ ಒಪ್ಪುತ್ತೇವೆ. ಆದರೆ ಅನಂತರ ನಡೆದದ್ದೇನು? ಆಸ್ಟ್ರೇಲಿಯಾ ವಿರುದ್ಧ ಬೆಂಗಳೂರಿನಲ್ಲಿ 26 ಮತ್ತು 0, ರಾಂಚಿಯಲ್ಲಿ 23, ಧರ್ಮಶಾಲೆಯಲ್ಲಿ 5. ಮುಗಿಯಿತು. ನಾಲ್ಕೇ ಇನಿಂಗ್ಸ್. ಒಂದು ಪಂದ್ಯದ ಮುನ್ನೂರು ಎರಡು ವರ್ಷದ ದುಡಿಮೆಯನ್ನು ಅಳಿಸಬಾರದು ಎಂದವರೇ ನಾಲ್ಕು ಇನಿಂಗ್ಸಿನ ಸೋಲಿನಿಂದ ಆ ಮುನ್ನೂರನ್ನು ಅಳಿಸಿದರು. ಹೊರಬಿದ್ದಾಗ ಅವರ ಟೆಸ್ಟ್ ಸರಾಸರಿ 62ಕ್ಕಿಂತ ಮೇಲಿತ್ತು.

2018ರಲ್ಲಿ ಅವರನ್ನು ಇಂಗ್ಲೆಂಡಿಗೆ ಕರೆದೊಯ್ದು ಟೆಸ್ಟಿನಿಂದ ಟೆಸ್ಟಿಗೆ ಬೆಂಚಿನ ಮೇಲೆ ಕೂರಿಸಿ, ಕೊನೆಗೆ ಓವಲ್ ಪಂದ್ಯಕ್ಕೆ ಸರಣಿಯ ನಡುವೆ ಬಂದು ಸೇರಿದ ಹನುಮ ವಿಹಾರಿಯನ್ನು ಆಡಿಸಿದರು. ವಿಹಾರಿ 56 ರನ್ ಮಾಡಿದರು. ಅವರ ಮೇಲೆ ನಮಗೆ ಸಿಟ್ಟಿಲ್ಲ. ತನ್ನನ್ನು ಯಾಕೆ ಬಿಟ್ಟರೆಂದು ಯಾರೂ ಹೇಳಲಿಲ್ಲ ಎಂದು ಕರುಣ್ ಹೇಳಿದರು, ನಾವು ಹೇಳಿದ್ದೇವೆ ಎಂದು ಆಗಿನ ಆಯ್ಕೆ ಸಮಿತಿಯ ಮುಖ್ಯಸ್ಥ ಎಂ.ಎಸ್.ಕೆ. ಪ್ರಸಾದ್ ಹೇಳಿದರು. ಹೇಳಿದ್ದು ಕಾಗದದ ಮೇಲಿದ್ದಿದ್ದರೆ ಈ ಜಗಳವೇ ಇರುತ್ತಿರಲಿಲ್ಲ.

ದಿಲ್ಲಿ, ಮುಂಬೈಯವರನ್ನು ಬೈಯುವ ಮೊದಲು ನಮ್ಮ ಮನೆಯನ್ನೂ ನೋಡಿಕೊಳ್ಳಬೇಕು. 2022ರಲ್ಲಿ ಕರ್ನಾಟಕವೇ ಕರುಣ್ ಅವರನ್ನು ತಂಡದಿಂದ ಕೈಬಿಟ್ಟಿತ್ತು. ಪ್ರಿಯ ಕ್ರಿಕೆಟ್, ಇನ್ನೊಂದು ಅವಕಾಶ ಕೊಡು ಎಂದು ಅವರು ಟ್ವಿಟರಿನಲ್ಲಿ ಬರೆದುಕೊಂಡದ್ದು ಆ ವರ್ಷದ ಡಿಸೆಂಬರಿನಲ್ಲಿ. ಆ ಅವಕಾಶ ಕೊಟ್ಟಿದ್ದು ವಿದರ್ಭ. 2024-25ರ ವಿಜಯ್ ಹಜಾರೆ ಟೂರ್ನಿಯಲ್ಲಿ ಅಲ್ಲಿಂದ 779 ರನ್, ಐದು ಶತಕ. ಅದೇ ಋತುವಿನ ರಣಜಿಯಲ್ಲಿ 863 ರನ್. ಕೇರಳದ ವಿರುದ್ಧದ ಫೈನಲ್‌ನಲ್ಲಿ 86 ಮತ್ತು 135, ಕಪ್ಪು ವಿದರ್ಭಕ್ಕೆ. ಹಜಾರೆ ಫೈನಲ್‌ನಲ್ಲಿ ಮಾತ್ರ ಅವರನ್ನು ಸೋಲಿಸಿದ್ದು ಕರ್ನಾಟಕವೇ. ಅಂದು ನಾವು ಚಪ್ಪಾಳೆ ತಟ್ಟಿದ್ದು ಯಾರಿಗೆಂದು ಈಗ ನೆನೆಸಿಕೊಂಡರೆ ಸ್ವಲ್ಪ ಮುಜುಗರವಾಗುತ್ತದೆ.

ಎಂಟು ವರ್ಷಗಳ ಬಳಿಕ, 2025ರ ಜೂನ್‌ನಲ್ಲಿ ಹೆಡಿಂಗ್ಲೆಯಲ್ಲಿ ಅವರು ಮತ್ತೆ ಭಾರತದ ಟೋಪಿ ಹಾಕಿದರು. ಇಲ್ಲಿ ನಾವು ಪ್ರಾಮಾಣಿಕವಾಗಿರಬೇಕು. 0, 20, 31, 26, 40, 14, 57, 17. ಎಂಟು ಇನಿಂಗ್ಸಿಗೆ 205 ರನ್. ಇದನ್ನು ಯಶಸ್ಸು ಎಂದು ಕರೆಯಲು ಅಭಿಮಾನ ಸಾಲದು, ಕುರುಡುತನ ಬೇಕು. ಪ್ರತಿ ಸಲವೂ ಕುದುರಿಕೊಂಡಂತೆ ಕಂಡು ಔಟಾದರು. ಹೆಚ್ಚು ನಿರೀಕ್ಷಿಸಿದ್ದೆವು, ಎಲ್ಲರಿಗೂ ಹದಿನೈದಿಪ್ಪತ್ತು ಟೆಸ್ಟ್ ಕೊಡಲಾಗುವುದಿಲ್ಲ ಎಂಬರ್ಥದ ಮಾತನ್ನು ಆಯ್ಕೆ ಸಮಿತಿಯ ಮುಖ್ಯಸ್ಥ ಅಜಿತ್ ಅಗರ್ಕರ್ ಆಡಿದರು. ಸರಿ ಸ್ವಾಮಿ, ಎಲ್ಲರಿಗೂ ಬೇಡ. ಹಾಗಾದರೆ ಯಾರಿಗೆ? ಯಾವ ಲೆಕ್ಕದಲ್ಲಿ?

ಈ ಪ್ರಶ್ನೆಗೆ ಉತ್ತರ ಹುಡುಕಲು ಕೆ.ಎಲ್. ರಾಹುಲ್ ಅವರಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ಅವರೂ ನಮ್ಮವರೇ. 2023ರ ಫೆಬ್ರವರಿಯಲ್ಲಿ ಅವರ ಸರಾಸರಿ ಮೂವತ್ತನಾಲ್ಕರ ಹತ್ತಿರ ತೆವಳುತ್ತಿತ್ತು, ಅದೂ ನಲವತ್ತಾರು ಟೆಸ್ಟ್ ಆಡಿದ ಮೇಲೆ. ಇದು ಸಾಮರ್ಥ್ಯಕ್ಕೆ ಕೊಟ್ಟ ಜಾಗವಲ್ಲ, ಪಕ್ಷಪಾತ ಎಂದು ಕರ್ನಾಟಕದವರೇ ಆದ ವೆಂಕಟೇಶ್ ಪ್ರಸಾದ್ ಬಹಿರಂಗವಾಗಿ ಬರೆದರು. ನಾವೂ ಆಗ ತಲೆಯಾಡಿಸಿದ್ದೆವು. ರಾಹುಲ್ ಹೊರಬಿದ್ದರು. ಆದರೆ ಬಾಗಿಲು ಮುಚ್ಚಲಿಲ್ಲ. ಅದೇ ಡಿಸೆಂಬರಿನಲ್ಲಿ ಸೆಂಚುರಿಯನ್‌ನ ಪುಟಿಯುವ ಪಿಚ್ಚಿನ ಮೇಲೆ 101 ಹೊಡೆದರು. 2025ರ ಇಂಗ್ಲೆಂಡ್ ಸರಣಿಯಲ್ಲಿ ಎರಡು ಶತಕದೊಡನೆ 532 ರನ್. ಅವರನ್ನು ಉಳಿಸಿಕೊಂಡದ್ದು ತಪ್ಪಾಗಿರಲಿಲ್ಲ, ಬೈದ ನಾವೇ ತಪ್ಪಿದ್ದೆವು. ಆದರೆ ರಾಹುಲ್ ಕಲಿಸಿದ ಪಾಠವನ್ನು ರಾಹುಲ್‌ಗೆ ಮಾತ್ರ ಅನ್ವಯಿಸುವುದು ಯಾವ ನ್ಯಾಯ? ಸೋಲುತ್ತಿರುವ ಆಟಗಾರನಿಗೆ ಕಾಯುವುದರಿಂದ ಫಲ ಬರುತ್ತದೆ ಎಂದಾದರೆ ನಾಲ್ಕು ಇನಿಂಗ್ಸಿಗೇ ಕಾಯುವಿಕೆ ಮುಗಿದದ್ದು ಏಕೆ?

ಇನ್ನು, ಇನ್ನೂ ಪರೀಕ್ಷೆಗೆ ಒಳಗಾಗದ ಹುಡುಗರ ವಿಷಯ. ಇಂಗ್ಲೆಂಡಿನಲ್ಲಿ ಕರುಣ್ ಬದಲಿಗೆ ಮ್ಯಾಂಚೆಸ್ಟರಿನಲ್ಲಿ ಆಡಿದ್ದು ಸಾಯಿ ಸುದರ್ಶನ್. ಹುಡುಗ ಚೆನ್ನಾಗಿ ಆಡುತ್ತಾನೆ, ಅನುಮಾನವಿಲ್ಲ. ಆದರೆ ಅವರು ಟೆಸ್ಟ್ ತಂಡಕ್ಕೆ ಬಂದಾಗ ಎಲ್ಲರ ಬಾಯಲ್ಲಿದ್ದುದು ಆ ವರ್ಷದ ಐಪಿಎಲ್‌ನ 759 ರನ್. ಪ್ರಥಮ ದರ್ಜೆಯ ಸರಾಸರಿ ನಲವತ್ತರ ಆಸುಪಾಸಿನಲ್ಲೇ ಇತ್ತು. ಇಪ್ಪತ್ತು ಓವರಿನ ಬಿಳಿ ಚೆಂಡಿನ ರನ್ನನ್ನು ಐದು ದಿನದ ಕೆಂಪು ಚೆಂಡಿನ ಖಾತೆಗೆ ಜಮೆ ಮಾಡುವುದಾದರೆ ರಣಜಿ ಯಾಕೆ ಆಡಿಸುತ್ತೀರಿ? 

ಈಗ ಸರ್ಫರಾಜ್. 2019-20ರ ರಣಜಿಯಲ್ಲಿ 928 ರನ್, 2021-22ರಲ್ಲಿ 982. ಆದರೂ ಟೆಸ್ಟ್ ಟೋಪಿ ಸಿಕ್ಕಿದ್ದು 2024ರ ಫೆಬ್ರವರಿಯಲ್ಲಿ, ರಾಜಕೋಟೆಯಲ್ಲಿ. ಎರಡೂ ಇನಿಂಗ್ಸಿನಲ್ಲಿ ಅರ್ಧಶತಕ. ಅಕ್ಟೋಬರಿನಲ್ಲಿ ನಮ್ಮ ಚಿನ್ನಸ್ವಾಮಿಯಲ್ಲೇ, ಭಾರತ 46ಕ್ಕೆ ಉದುರಿದ ಪಂದ್ಯದ ಎರಡನೇ ಇನಿಂಗ್ಸಿನಲ್ಲಿ, ನ್ಯೂಜಿಲೆಂಡ್ ವಿರುದ್ಧ 150. ಮುಂದಿನ ನಾಲ್ಕು ಇನಿಂಗ್ಸಿನಲ್ಲಿ 11, 9, 0, 1. ಆಸ್ಟ್ರೇಲಿಯಾಕ್ಕೆ ಕರೆದೊಯ್ದರು, ಒಂದು ಟೆಸ್ಟೂ ಆಡಿಸಲಿಲ್ಲ. 2025ರ ಇಂಗ್ಲೆಂಡ್ ಪ್ರವಾಸಕ್ಕೆ ಹೆಸರೇ ಇಲ್ಲ. ಮತ್ತೆ ಅದೇ ನಾಲ್ಕು ಇನಿಂಗ್ಸಿನ ಕಥೆ!

ಹೆಸರಿನ ಕಾರಣಕ್ಕೆ ಬಿಟ್ಟರು ಎಂದು ನಮ್ಮವರಲ್ಲಿ ಹಲವರು ಹೇಳುತ್ತಾರೆ. ಸಾರ್ವಜನಿಕವಾಗಿಯೂ ಆ ಪ್ರಶ್ನೆ ಎದ್ದಿದೆ. ನಾವು ಹಾಗೆ ಹೇಳುವುದಿಲ್ಲ. ಹೇಳಲು ನಮ್ಮ ಬಳಿ ಪುರಾವೆ ಇಲ್ಲ. ಅದೇ ಇಂಗ್ಲೆಂಡ್ ಸರಣಿಯಲ್ಲಿ ಐದೂ ಟೆಸ್ಟ್ ಬೆವರು ಸುರಿಸಿ 23 ವಿಕೆಟ್ ಕಿತ್ತ ಮೊಹಮ್ಮದ್ ಸಿರಾಜ್ ಅವರನ್ನು ದೇಶವೇ ಹೊತ್ತು ಮೆರೆಸಿದ್ದನ್ನು ಮರೆಯುವಂತಿಲ್ಲ. ಕರುಣ್ ಅವರಿಗೆ ಆದದ್ದೂ ಸರ್ಫರಾಜ್‌ಗೆ ಆದದ್ದೂ ಒಂದೇ ಆಗಿರುವಾಗ ಒಬ್ಬರಿಗೆ ಮಾತ್ರ ಬೇರೆ ಕಾರಣ ಹುಡುಕುವುದು ಸರಿಯಲ್ಲ. ಆದರೆ ಆ ಅನುಮಾನ ಪಡುವವರನ್ನು ದೇಶದ್ರೋಹಿಗಳಂತೆ ನೋಡುವುದನ್ನೂ ನಾವು ಒಪ್ಪುವುದಿಲ್ಲ. ಕಾರಣ ಹೇಳಬೇಕಾದವರು ಒಮ್ಮೆ ದೇಹದ ತೂಕ, ಒಮ್ಮೆ ವಿದೇಶಿ ಪಿಚ್ಚು, ಒಮ್ಮೆ ಮೌನ ಎಂದು ಬದಲಾಯಿಸುತ್ತ ಹೋದರೆ ಕೇಳುವವನು ತನ್ನ ಅನುಭವದಿಂದ ಒಂದು ಕಾರಣ ಹುಡುಕಿಕೊಳ್ಳುತ್ತಾನೆ. ಬಾಡಿಗೆ ಮನೆ ಕೇಳಲು ಹೋಗಿ ಹೆಸರು ಹೇಳಿದ ಕೂಡಲೇ ‘ಮನೆ ಖಾಲಿ ಇಲ್ಲ’ ಎನ್ನಿಸಿಕೊಂಡ ಮನುಷ್ಯನಿಗೆ ಆ ಕಾರಣ ಯಾವುದೆಂದು ಬಿಡಿಸಿ ಹೇಳಬೇಕಾಗಿಲ್ಲ. ಈ ಅನುಮಾನವನ್ನು ತೆಗೆಯುವ ಕೆಲಸ ಆಯ್ಕೆ ಸಮಿತಿಯದು, ಅನುಮಾನ ಪಟ್ಟವನದಲ್ಲ.

ಇಷ್ಟೆಲ್ಲ ತೆಂಗಿನ ಸೀಮೆಯಲ್ಲಿ ಕೂತು ನಾವೇಕೆ ಬರೆಯಬೇಕು ಎಂದು ಓದುಗರು ಕೇಳಬಹುದು. ಕೇಳಲಿ. ತಿಪಟೂರಿನಿಂದ ಅರಸೀಕೆರೆ ದಾಟಿದರೆ ಜಾವಗಲ್. ಆ ಊರಿನ ಹೆಸರನ್ನು ಲೋಕಕ್ಕೆ ತಿಳಿಸಿದ ಶ್ರೀನಾಥ್ 1991ರಲ್ಲೇ ಬ್ರಿಸ್ಬೇನ್‌ನಲ್ಲಿ ಟೆಸ್ಟಿಗೆ ಕಾಲಿಟ್ಟಿದ್ದರು. ಆದರೆ ಸ್ವದೇಶದಲ್ಲಿ ಟೆಸ್ಟಿನ ಮೇಲೆ ಟೆಸ್ಟ್ ಹೊರಗೇ ಕೂತರು. ಕಪಿಲ್ ದೇವ್ ಹ್ಯಾಡ್ಲಿಯವರ 431 ವಿಕೆಟಿನ ದಾಖಲೆಯತ್ತ ನಿಧಾನವಾಗಿ ಸಾಗುತ್ತಿದ್ದ ಕಾಲ ಅದು. ಕಪಿಲ್ ನಿವೃತ್ತರಾದ ಮೇಲೆ, 1994ರ ನವೆಂಬರಿನಲ್ಲಿ, ಮುಂಬೈಯಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಅವಕಾಶ ಸಿಕ್ಕಾಗ ಪಂದ್ಯಶ್ರೇಷ್ಠರಾದರು. ಒಟ್ಟು 236 ವಿಕೆಟ್. ಒಬ್ಬ ವೇಗದ ಬೌಲರ್‌ನ ಇಪ್ಪತ್ಮೂರು, ಇಪ್ಪತ್ತನಾಲ್ಕರ ಹರೆಯ ಮತ್ತೆ ಬರುವಂಥದ್ದಲ್ಲ. ಕಪಿಲ್ ದೊಡ್ಡವರು, ನಿಜ. ಆದರೆ ದೊಡ್ಡವರ ದಾಖಲೆಗೆ ಚಿಕ್ಕವರು ಕೊಟ್ಟ ಬಾಡಿಗೆಯನ್ನು ಯಾರೂ ಲೆಕ್ಕ ಹಾಕುವುದಿಲ್ಲ.

ದಾವಣಗೆರೆಯ ವಿನಯ್ ಕುಮಾರ್ ಕಥೆ ಇನ್ನೂ ಚಿಕ್ಕದು. ಆಟೋ ಚಾಲಕರ ಮಗ. ಪ್ರಥಮ ದರ್ಜೆಯಲ್ಲಿ ಐನೂರಕ್ಕೂ ಹೆಚ್ಚು ವಿಕೆಟ್, ನಾಯಕರಾಗಿ ಕರ್ನಾಟಕಕ್ಕೆ ಸಾಲಾಗಿ ಎರಡು ರಣಜಿ ಕಪ್ಪು. ಟೆಸ್ಟ್ ಎಷ್ಟು? ಒಂದು. 2012ರ ಜನವರಿ, ಪರ್ತ್, ವಾರ್ನರ್ 180 ಬಾರಿಸಿದ ಪಂದ್ಯ. ಹದಿಮೂರು ಓವರ್, 73 ರನ್, ಒಂದು ವಿಕೆಟ್. ವರ್ಷಗಟ್ಟಲೆ ಬೆವರಿದವರಿಗೆ ಹದಿಮೂರು ಓವರಿನ ಪರೀಕ್ಷೆ! ಅವರು ಟೆಸ್ಟಿಗೆ ಸಾಲುವಷ್ಟು ವೇಗದವರಾಗಿರಲಿಲ್ಲ ಎಂಬ ವಾದವನ್ನು ನಾವು ತಳ್ಳಿಹಾಕುವುದಿಲ್ಲ. ಆದರೆ ಹಾಗಿದ್ದರೆ ಪರ್ತ್‌ನಲ್ಲಿ ಆಡಿಸಿದ್ದೇಕೆ?

ನಮ್ಮ ತಾಲೂಕುಗಳ ಮೈದಾನಕ್ಕೆ ಬನ್ನಿ. ಲೆದರ್ ಬಾಲ್ ಆಡುವ ಹುಡುಗರಿಗೆ ಇಲ್ಲಿ ಸಿಗುವುದು ಹೆಚ್ಚೆಂದರೆ ಸಿಮೆಂಟಿನ ಮೇಲೆ ಹಾಸಿದ ಮ್ಯಾಟು. ನಾರು ತೆಗೆದು ಹಗ್ಗ ಹೊಸೆಯುವ ಊರಿನಲ್ಲಿ ಮಕ್ಕಳು ಹುಲ್ಲಿನ ಪಿಚ್ಚನ್ನು ಮೊದಲು ನೋಡುವುದು ಟಿವಿಯಲ್ಲಿ. ತುಮಕೂರಿನ ಬಳಿ ಸೋರೆಕುಂಟೆಯಲ್ಲಿ ದೊಡ್ಡ ಕ್ರೀಡಾಂಗಣಕ್ಕೆ 2024ರ ಡಿಸೆಂಬರಿನಲ್ಲಿ ಮುಖ್ಯಮಂತ್ರಿಗಳು ಶಂಕುಸ್ಥಾಪನೆ ಮಾಡಿದರು. ಒಳ್ಳೆಯದು. ಆದರೆ ಮೈದಾನ ಕಟ್ಟಿದ ಮಾತ್ರಕ್ಕೆ ಮೇಲೆ ಹತ್ತುವ ಏಣಿ ಸಿಕ್ಕಂತಾಗುವುದಿಲ್ಲ. ಕೊಬ್ಬರಿ ಸುಲಿಯುವ ಕೂಲಿ ಮಾಡುವ ತಂದೆಯೊಬ್ಬರು ನಮ್ಮನ್ನು ಕೇಳಿದ್ದು ಇಷ್ಟೇ: ‘ಸಾರ್, ಮಗನನ್ನ ಬೆಂಗಳೂರಿಗೆ ಕಳಿಸಲಾ, ಇಲ್ಲಾ ಟೆನಿಸ್ ಬಾಲ್ ಟೂರ್ನಮೆಂಟ್ ಆಡ್ಕೊಂಡಿರಲಿ ಅನ್ನಲಾ? ಅಲ್ಲಿ ಗೆದ್ದೋರಿಗೆ ಅವತ್ತೇ ದುಡ್ಡು ಕೊಡ್ತಾರೆ.’ ಬೆಂಗಳೂರಿಗೆ ಕಳಿಸಿ ಎನ್ನಲು ನಮಗೆ ಬಾಯಿ ಬರಲಿಲ್ಲ. ಕೆಂಪು ಚೆಂಡಿನಲ್ಲಿ ಹತ್ತು ವರ್ಷ ಬೆವರು ಸುರಿಸಿದರೆ ಇಂಥ ಕಡೆ ತಲುಪಬಹುದು ಎಂದು ಹೇಳುವಂಥ ದಾರಿ ಇದ್ದಿದ್ದರೆ ಹೇಳುತ್ತಿದ್ದೆವು.

ನಮ್ಮ ಸೀಮೆಯ ಉಂಡೆ ಕೊಬ್ಬರಿ ಹೇಗಾಗುತ್ತದೆಂದು ಇಲ್ಲಿಯವರಿಗೆ ಹೇಳಬೇಕಿಲ್ಲ, ಬೇರೆ ಕಡೆಯ ಓದುಗರಿಗೆ ಹೇಳುತ್ತೇವೆ. ಕಾಯಿಯನ್ನು ಸಿಪ್ಪೆಸಹಿತ ಅಟ್ಟಕ್ಕೆ ಹಾಕಿದರೆ ಒಳಗಿನ ನೀರು ಇಂಗಿ, ತಿರುಳು ಕರಟ ಬಿಡಲು ವರ್ಷದ ಹತ್ತಿರ ಹತ್ತಿರ ಬೇಕು. ಅಲ್ಲಾಡಿಸಿದಾಗ ಒಳಗೆ ಗಡಗಡ ಸದ್ದು ಬಂದರೆ ಮಾತ್ರ ಒಡೆಯುತ್ತಾರೆ. ಆರು ತಿಂಗಳಿಗೆ ಒಡೆದು ನೋಡಿ, ಕೊಬ್ಬರಿಯಾಗಿಲ್ಲ ಎಂದು ಕಾಯಿಯನ್ನು ಬೈಯುವ ರೈತ ನಮ್ಮಲ್ಲಿಲ್ಲ. ಅಂದಮಾತ್ರಕ್ಕೆ ಅಟ್ಟದಲ್ಲೇ ಮರೆತು ಬಿಡುವವರೂ ಇಲ್ಲ. ಮಾರುಕಟ್ಟೆಗೆ ಬಂದ ಮೇಲೆ ಯಾವ ಲಾಟಿಗೆ ಎಷ್ಟು ದರ ಎಂದು ಎಲ್ಲರಿಗೂ ಗೊತ್ತಾಗುತ್ತದೆ. ದರ ಕಡಿಮೆಯಾಯಿತೆಂದು ರೈತ ಬೀದಿಗಿಳಿದ ದಿನಗಳೂ ಉಂಟು. ಆದರೆ ಅಂಕಿ ಎದುರಿಗಿರುವುದರಿಂದ ಜಗಳಕ್ಕೂ ಒಂದು ಆಧಾರವಿರುತ್ತದೆ.

ನಾವು ಕೇಳುವುದು ಹೆಚ್ಚೇನಿಲ್ಲ. ಟೆಸ್ಟ್ ಜಾಗಕ್ಕೆ ಕೆಂಪು ಚೆಂಡಿನ ಕನಿಷ್ಠ ಎರಡು ಋತುಗಳ ಆಟವೇ ಅರ್ಹತೆಯಾಗಲಿ. ಆಯ್ಕೆಯಾದವರಿಗೆ ಇಷ್ಟು ಇನಿಂಗ್ಸ್ ನಿನ್ನದು ಎಂದು ಮೊದಲೇ ತಿಳಿಸಲಿ, ಹತ್ತೋ ಹನ್ನೆರಡೋ, ಆದರೆ ಎಲ್ಲರಿಗೂ ಒಂದೇ. ಬಿಡುವಾಗ ಕಾರಣವನ್ನು ಬರೆದು ಕೊಡಲಿ. ಈ ಲೆಕ್ಕದಲ್ಲಿ ಕರುಣ್‌ಗೆ ಸಲ್ಲಬೇಕಾಗಿದ್ದು 2017ರ ಬಾಕಿ ಇನಿಂಗ್ಸ್‌ಗಳು. ಮೂವತ್ಮೂರರ ವಯಸ್ಸಿನಲ್ಲಿ ಕೊಟ್ಟಿದ್ದು ಆ ಸಾಲದ ಬಡ್ಡಿಯೂ ಅಲ್ಲ. 2025ರ ಇಂಗ್ಲೆಂಡ್ ವಿಮಾನದಲ್ಲಿ ಸರ್ಫರಾಜ್‌ಗೊಂದು ಸೀಟು ಇರಲೇಬೇಕಿತ್ತು. ಪಡಿಕ್ಕಲ್ ಆಸ್ಟ್ರೇಲಿಯಾ ‘ಎ’ ವಿರುದ್ಧ ಲಖನೌನಲ್ಲಿ 150 ಹೊಡೆದು ಬಂದವರು, ಅವರ ಆಯ್ಕೆಗೆ ನಮ್ಮ ಆಕ್ಷೇಪವಿಲ್ಲ. ಆಕ್ಷೇಪ ಇರುವುದು ಅವರಿಗೂ ನಾಲ್ಕು ಇನಿಂಗ್ಸ್ ಮಾತ್ರ ಸಿಗಬಹುದೆಂಬ ಭಯಕ್ಕೆ.

ತಂಡ ಗೆಲ್ಲುತ್ತಿದೆಯಲ್ಲ, ನಿಮ್ಮದೇನು ಗೋಳು ಎನ್ನುವವರಿಗೆ ಆ ಸಮಾಧಾನವೂ ಉಳಿದಿಲ್ಲ. 2025ರ ನವೆಂಬರಿನಲ್ಲಿ ಕೋಲ್ಕತ್ತದಲ್ಲಿ 124 ಬೆನ್ನಟ್ಟಿ 93ಕ್ಕೆ ಮುಗಿದೆವು. ಗುವಾಹಟಿಯಲ್ಲಿ ದಕ್ಷಿಣ ಆಫ್ರಿಕಾ 408 ರನ್‌ಗಳಿಂದ ಸೋಲಿಸಿತು. ಮೂರನೇ ಕ್ರಮಾಂಕದಲ್ಲಿ ಕೋಲ್ಕತ್ತದಲ್ಲಿ ಆಡಿದ್ದು ವಾಷಿಂಗ್ಟನ್ ಸುಂದರ್, ಒಂದೇ ವಾರದಲ್ಲಿ ಗುವಾಹಟಿಗೆ ಹೋಗುವಷ್ಟರಲ್ಲಿ ಅದು ಸಾಯಿ ಸುದರ್ಶನ್ ಪಾಲಾಗಿತ್ತು.

ಅದೇ ದಿನಗಳಲ್ಲಿ ಕರುಣ್ ಮತ್ತೆ ಕರ್ನಾಟಕಕ್ಕೆ ಆಡುತ್ತಿದ್ದರು. ಶಿವಮೊಗ್ಗದಲ್ಲಿ ಗೋವಾ ವಿರುದ್ಧ ಅಜೇಯ 174, ಕೇರಳದ ವಿರುದ್ಧ 233. ಕೇರಳದ ಪಂದ್ಯದಲ್ಲಿ ಅವರ ಜೊತೆ ನಿಂತು ಅಜೇಯ 220 ಹೊಡೆದ ಹುಡುಗ ಆರ್. ಸ್ಮರಣ್. ಅವರನ್ನು ಈಗಲೇ ಟೆಸ್ಟಿಗೆ ಎಳೆಯಿರಿ ಎಂದು ನಾವು ಹೇಳುವುದಿಲ್ಲ, ಎರಡು ಋತು ಪೂರ್ತಿ ಆಡಲಿ. ಆದರೆ ಕರೆದ ದಿನ, ಟೋಪಿ ಕೊಡುವ ಮೊದಲು, ಎಷ್ಟು ಇನಿಂಗ್ಸ್ ಎಂದು ಅವರಿಗೊಂದು ಅಂಕಿ ಹೇಳಿ.