ಈ ಚಿತ್ರ ಯಾವ ಮಾಡೆಲ್‌ದು?

ಶಿರಾ ತಾಲ್ಲೂಕಿನ ನಮ್ಮ ತಾವರೆಕೆರೆ ಕಡೆ ತೋಟಗಳಲ್ಲಿ ಸಿಂಗಲ್ ಫೇಸ್, ತ್ರೀ ಫೇಸ್ ಎರಡೂ ಥರದ ಬೋರ್‌ವೆಲ್ ಮೋಟರ್ ಇವೆ. ಎರಡಕ್ಕೂ ಒಂದೇ ಮ್ಯಾನುವಲ್ ಕೊಟ್ಟು, ಯಾವ ವೈರಿಂಗ್ ಚಿತ್ರ ಯಾವುದಕ್ಕೆ ಅಂತ ಕೆಳಗೆ ಸಣ್ಣಕ್ಷರದಲ್ಲಿ ಬರೆದರೆ ಯಾರು ಓದ್ತಾರೆ? ಚಿತ್ರ ನೋಡಿ ವೈರ್ ಹಾಕ್ತಾರೆ. ತಪ್ಪಿ ವೈಂಡಿಂಗ್ ಸುಟ್ಟರೆ ಮೋಟರ್ ಮೇಲೆತ್ತಬೇಕು, ಅಷ್ಟರಲ್ಲಿ ಅಡಿಕೆ ಗಿಡ ಬಾಡುತ್ತೆ.

ಹೆಲಿಕಾಪ್ಟರ್ ಮ್ಯಾನುವಲ್‌ನಲ್ಲಿ ಇದು ಜೀವದ ಪ್ರಶ್ನೆ. 2023ರಲ್ಲಿ ನಮ್ಮ ಜಿಲ್ಲೆಯ ಗುಬ್ಬಿ ತಾಲ್ಲೂಕಲ್ಲೇ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಶುರುವಾಯ್ತು, ನಮ್ಮಲ್ಲೂ ಕೆಲವರು ಅಂಥ ಕಡೆ ಹೋಗ್ತೀವಿ. ವಿಮಾನ, ಹೆಲಿಕಾಪ್ಟರ್ ಮ್ಯಾನುವಲ್‌ಗೆ ಬಳಸೋ ಎಸ್1000ಡಿ ಅನ್ನೋ ಎಕ್ಸ್‌ಎಂಎಲ್ ಸ್ಟ್ಯಾಂಡರ್ಡಲ್ಲಿ, 'ಈ ಸೀರಿಯಲ್ ನಂಬರಿಗೆ ಮಾತ್ರ' ಅನ್ನೋ ಷರತ್ತನ್ನು ಒಂದು ಕಡೆ ಬರೆದು ಅದರ ಐಡಿಯನ್ನು ಪ್ಯಾರಾಗೂ ಕೊಡಬಹುದು, ಚಿತ್ರಕ್ಕೂ ಕೊಡಬಹುದು. ಆಗ ಬೇಡದ ಚಿತ್ರವನ್ನು ಸಾಫ್ಟ್‌ವೇರೇ ತೆಗೆದುಹಾಕುತ್ತೆ. ಪ್ಯಾರಾಗೆ ಮಾತ್ರ ಕೊಟ್ಟು ಚಿತ್ರ ಮರೆತರೆ, ಮಾತು ಒಂದು ಹೆಲಿಕಾಪ್ಟರ್‌ದು, ಚಿತ್ರ ಇನ್ನೊಂದರದು!

ಫೈಲ್ ಹೆಸರಲ್ಲೇ ಮಾಡೆಲ್ ಬರೆದರೆ ಸಾಕಲ್ವಾ? ಸಾಲದು. ಅದೇ ಚಿತ್ರ ನಾಳೆ ಹೊಸ ಮಾಡೆಲ್‌ಗೂ ಹೊಂದಿದರೆ ಹೆಸರು ಬದಲಿಸಿ, ಅದನ್ನು ಕರೆದ ಕಡೆಯೆಲ್ಲ ತಿದ್ದಬೇಕು. ಷರತ್ತು ಎಕ್ಸ್‌ಎಂಎಲ್‌ನಲ್ಲಿದ್ದರೆ ಚಿತ್ರ ಮುಟ್ಟದೆ ಷರತ್ತನ್ನಷ್ಟೇ ತಿದ್ದಿದರಾಯ್ತು.