ಕಿವಿ ಕತ್ತರಿಸಿ ಪಾಠ ಹೇಳಹೊರಟವರು

ಡಾಬರ್‌ಮನ್, ಗ್ರೇಟ್ ಡೇನ್, ಬಾಕ್ಸರ್ ಮರಿಗಳು ಹುಟ್ಟುವುದೇ ಜೋತುಬಿದ್ದ ಕಿವಿಗಳೊಂದಿಗೆ. ಚಿತ್ರಗಳಲ್ಲಿ ಕಾಣುವ ನೆಟ್ಟನೆಯ ಚೂಪು ಕಿವಿಯನ್ನು ಮಾಡುವುದು ಕತ್ತರಿ. ಮರಿಗೆ 7ರಿಂದ 12 ವಾರವಾಗಿರುವಾಗ ಹೊರಕಿವಿಯ ದೊಡ್ಡ ಭಾಗವನ್ನು ಮೃದ್ವಸ್ಥಿ ಸಮೇತ ಕತ್ತರಿಸಿ, ಅಂಚಿಗೆ ಹೊಲಿಗೆ ಹಾಕಿ, ಉಳಿದ ತುಂಡು ನಿಲ್ಲಲೆಂದು ವಾರಗಟ್ಟಲೆ, ಹಲವು ಸಲ ತಿಂಗಳುಗಟ್ಟಲೆ ಟೇಪ್ ಸುತ್ತಲಾಗುತ್ತದೆ. ನಾಯಿಯ ಆರೋಗ್ಯಕ್ಕೆ ಇದರಿಂದ ಯಾವ ಪ್ರಯೋಜನವೂ ಇಲ್ಲ. ಮಾಲೀಕನ ಕಣ್ಣಿಗೆ ಚೆಂದ ಕಾಣಲೆಂದು ಮರಿಯ ಮೈಮೇಲೆ ನಡೆಯುವ ಕ್ರೌರ್ಯ ಇದು. ಇಷ್ಟಾದ ಮೇಲೆ ಅದೇ ಮಾಲೀಕ ಕೇಳುತ್ತಾನೆ: ಮರಿ ಯಾಕೆ ಕಚ್ಚುತ್ತದೆ, ಕರೆದರೆ ಯಾಕೆ ಬರುವುದಿಲ್ಲ, ತಲೆ ಮುಟ್ಟಿದರೆ ಯಾಕೆ ಗುರುಗುಟ್ಟುತ್ತದೆ? ಉತ್ತರವನ್ನು ತರಬೇತುದಾರನ ಹತ್ತಿರ ಹುಡುಕುವ ಮೊದಲು ಆ ಕತ್ತರಿಯ ಹತ್ತಿರ ಹುಡುಕಬೇಕು.

ನಾಯಿಮರಿ ಜಗತ್ತಿಗೆ ಹೊಂದಿಕೊಳ್ಳುವ ಕಾಲ ತೀರ ಚಿಕ್ಕದು. ಅಮೆರಿಕದ ಬಾರ್ ಹಾರ್ಬರ್‌ನಲ್ಲಿ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ವರ್ಷಗಟ್ಟಲೆ ಮರಿಗಳನ್ನು ಗಮನಿಸಿ 1965ರಲ್ಲಿ ಪ್ರಕಟಿಸಿದ ಪುಸ್ತಕ ಇದನ್ನು ಸ್ಪಷ್ಟವಾಗಿ ತೋರಿಸಿತು. ಸುಮಾರು 3ರಿಂದ 12 ವಾರದ ನಡುವೆ ಮರಿ ಯಾರನ್ನು, ಯಾವುದನ್ನು ನಿರ್ಭಯವಾಗಿ ಕಂಡಿತೋ ಅದನ್ನು ಮುಂದೆಯೂ ನಂಬುತ್ತದೆ. ಆಗ ಹೆದರಿದ್ದನ್ನು ಬಹುಕಾಲ ಮರೆಯುವುದಿಲ್ಲ. ಹೊಸಬರ ಕೈ, ಮಕ್ಕಳ ಗಲಾಟೆ, ಕುಕ್ಕರ್ ಸೀಟಿ, ಆಟೊ ಹಾರ್ನ್, ಬೇರೆ ನಾಯಿಗಳ ಒಡನಾಟ, ಎಲ್ಲವೂ ರೂಢಿಯಾಗಬೇಕಾದದ್ದು ಆಗಲೇ. ಕಿವಿ ಕತ್ತರಿಸಲು ಆರಿಸಿಕೊಂಡ ವಾರಗಳೂ ಅವೇ. ಕಲಿಯಬೇಕಾದ ತಲೆಗೆ ಬ್ಯಾಂಡೇಜು, ಆಡಬೇಕಾದ ಮರಿಗೆ ಕುತ್ತಿಗೆಯ ಸುತ್ತ ಪ್ಲಾಸ್ಟಿಕ್ ಕೋನ್, ಪ್ರೀತಿಯನ್ನು ಕಲಿಸಬೇಕಾದ ಮನುಷ್ಯನ ಕೈಯಿಂದಲೇ ನೋವು.

ಟೇಪ್ ಬದಲಿಸುವುದನ್ನು ಒಮ್ಮೆ ಹತ್ತಿರದಿಂದ ನೋಡಿದರೆ ಸಾಕು. ಒಬ್ಬರು ಮರಿಯನ್ನು ತೊಡೆಯ ನಡುವೆ ಒತ್ತಿಹಿಡಿಯುತ್ತಾರೆ, ಇನ್ನೊಬ್ಬರು ಹಳೆಯ ಟೇಪನ್ನು ಎಳೆಯುತ್ತಾರೆ. ಟೇಪಿನ ಜೊತೆ ಕೂದಲು ಕಿತ್ತುಬರುತ್ತದೆ, ಒಳಗಿನ ಚರ್ಮ ಒದ್ದೆಯಾಗಿ ಕೆಂಪಾಗಿರುತ್ತದೆ, ಇನ್ನೂ ಮಾಯದ ಅಂಚಿನಿಂದ ರಕ್ತ ಒಸರುತ್ತದೆ. ಎರಡು ಮೂರು ಸಲ ಹೀಗಾದ ಮೇಲೆ ಟೇಪಿನ ಸುರುಳಿ ಕಂಡರೆ ಸಾಕು, ಮರಿ ಮಂಚದ ಅಡಿ ಸೇರುತ್ತದೆ. ಹೆಸರು ಹಿಡಿದು ಕರೆದಾಗ ಹೋಗಬಾರದು ಎಂಬುದು ಅದು ಕಲಿತ ಮೊದಲ ಪಾಠ. ಆಮೇಲೆ ಎಷ್ಟು ಬಿಸ್ಕತ್ತು ತೋರಿಸಿ ಕರೆದರೂ ಆ ಪಾಠವನ್ನು ಅಳಿಸುವುದು ಸುಲಭವಲ್ಲ.

ಕತ್ತರಿಸುವವರು ಹೇಳುವ ಮೊದಲ ಸಮರ್ಥನೆ ಸೋಂಕಿನದು: ಜೋತುಬಿದ್ದ ಕಿವಿಯಲ್ಲಿ ಗಾಳಿ ಆಡುವುದಿಲ್ಲ, ಕೀವು ತುಂಬುತ್ತದೆ. ಇದು ನಿಜವಾದ ಕಾಳಜಿಯಾಗಿದ್ದರೆ ಮೊದಲು ಕತ್ತರಿಸಬೇಕಾದದ್ದು ಕಾಕರ್ ಸ್ಪೇನಿಯಲ್, ಬ್ಯಾಸೆಟ್ ಹೌಂಡ್, ಲ್ಯಾಬ್ರಡಾರ್‌ಗಳ ಕಿವಿಯನ್ನು. ಕಿವಿ ತೊಂದರೆಯಿಂದ ಪಶುವೈದ್ಯರ ಬಳಿಗೆ ಮತ್ತೆ ಮತ್ತೆ ಬರುವ ತಳಿಗಳು ಅವು. ಅವುಗಳ ಕಿವಿಯನ್ನು ಯಾರೂ ಮುಟ್ಟುವುದಿಲ್ಲ, ಯಾಕೆಂದರೆ ಅವುಗಳಿಂದ ಯಾರೂ ಉಗ್ರ ರೂಪವನ್ನು ಬಯಸುವುದಿಲ್ಲ. ಕಿವಿ ಸೋಂಕಿನ ಬೇರು ಹೆಚ್ಚಾಗಿ ಅಲರ್ಜಿ, ಯೀಸ್ಟ್, ಕಿವಿನುಸಿ ಮತ್ತು ಒಳಗೆ ಉಳಿದ ತೇವ. ನಾಯಿಯ ಕಿವಿನಾಳ ಕೆಳಗಿಳಿದು ಒಳಕ್ಕೆ ತಿರುಗುವಂಥದ್ದು. ಹೊರಗಿನ ಎಲೆ ಕತ್ತರಿಸಿದರೆ ಆ ತಿರುವು ನೇರವಾಗುವುದಿಲ್ಲ.

ಎರಡನೆಯದು ತಳಿಯ ಲಕ್ಷಣದ ಮಾತು. ಡಾಬರ್‌ಮನ್ ತಳಿ ರೂಪುಗೊಂಡದ್ದು ಜರ್ಮನಿಯ ಅಪೋಲ್ಡಾ ಊರಿನಲ್ಲಿ, ತೆರಿಗೆ ವಸೂಲಿ ಮಾಡುತ್ತಿದ್ದ ಲೂಯಿ ಡಾಬರ್‌ಮನ್‌ನ ಕೈಯಲ್ಲಿ. ಅದೇ ಜರ್ಮನಿ 1987ರಿಂದ ಕಿವಿ ಕತ್ತರಿಸುವುದನ್ನು ನಿಷೇಧಿಸಿದೆ. ಬ್ರಿಟನ್ನಿನ ಕೆನಲ್ ಕ್ಲಬ್ ಕತ್ತರಿಸಿದ ಕಿವಿಯ ನಾಯಿಗಳನ್ನು ತನ್ನ ಪ್ರದರ್ಶನಗಳಿಂದ 1898ರಲ್ಲೇ ಹೊರಗಿಟ್ಟಿತು. ತವರಿನಲ್ಲೇ ಅಪರಾಧವಾದದ್ದನ್ನು ಇಲ್ಲಿ ಶುದ್ಧತೆಯ ಗುರುತೆಂದು ಮಾರುವುದು ಗಿರಾಕಿಯ ಅಜ್ಞಾನವನ್ನು ನಗದು ಮಾಡಿಕೊಳ್ಳುವ ವ್ಯಾಪಾರ. ಕಾವಲಿಗೂ ಬೇಟೆಗೂ ಹೆಸರಾದ ಮುಧೋಳ ನಾಯಿಗೆ ಜೋತುಬಿದ್ದ ಕಿವಿಯೇ ಇದೆ. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂದ ಆ ನಾಯಿಯ ಶೌರ್ಯಕ್ಕೆ ಯಾವ ಕತ್ತರಿಯೂ ಬೇಕಾಗಿರಲಿಲ್ಲ.

ಬೀದಿನಾಯಿಗಳ ಕಿವಿಯನ್ನು ಸರ್ಕಾರವೇ ಕತ್ತರಿಸುವುದಿಲ್ಲವೇ ಎಂಬ ವಾದವಂತೂ ಅಪ್ರಾಮಾಣಿಕ. ಸಂತಾನಶಕ್ತಿಹರಣ ಶಸ್ತ್ರಚಿಕಿತ್ಸೆಯ ಅರಿವಳಿಕೆಯಲ್ಲೇ ಕಿವಿಯ ಅಂಚಿಗೆ ಹಾಕುವ ಚಿಕ್ಕ ಗುರುತು ಅದು. ಅದೇ ನಾಯಿಯನ್ನು ಮತ್ತೆ ಹಿಡಿದು ಕೊಯ್ಯುವುದನ್ನು ಅದು ತಪ್ಪಿಸುತ್ತದೆ, ನಾಯಿಗೆ ಉಪಕಾರವಾಗುತ್ತದೆ.

ಈಗಾಗಲೇ ಕತ್ತರಿಸಿದ ಕಿವಿಯ ಮರಿ ಮನೆಗೆ ಬಂದಿದ್ದರೆ ಅದರ ಆರೈಕೆ ಬೇರೆಯೇ ಜವಾಬ್ದಾರಿ. ಹೊಲಿಗೆ ಬಿಚ್ಚುವವರೆಗೆ, ಸಾಮಾನ್ಯವಾಗಿ 10ರಿಂದ 14 ದಿನ, ಕೋನ್ ತೆಗೆಯಬಾರದು, ಸ್ನಾನ ಮಾಡಿಸಬಾರದು. ಟೇಪ್ ಒದ್ದೆಯಾದರೆ ಆ ದಿನವೇ ಪಶುವೈದ್ಯರಿಂದ ಬದಲಿಸಬೇಕು. ಒದ್ದೆ ಟೇಪಿನೊಳಗೆ ಚರ್ಮ ಎರಡೇ ದಿನದಲ್ಲಿ ಕೊಳೆಯಬಲ್ಲದು. ದುರ್ವಾಸನೆ, ಊತ, ತುದಿ ಕಪ್ಪಾಗುವುದು, ಮರಿ ತಲೆ ವಾಲಿಸುವುದು ಕಂಡರೆ ಕಾಯಬಾರದು. ನಮ್ಮ ಹವೆಯಲ್ಲಿ ದೊಡ್ಡ ಅಪಾಯ ನೊಣದ್ದು: ತೆರೆದ ಗಾಯದ ಮೇಲೆ ನೊಣ ಮೊಟ್ಟೆಯಿಟ್ಟರೆ ಬೇಗನೆ ಹುಳು ಬೀಳುತ್ತದೆ. ಹುಳುವಿಗೆಂದು ಟರ್ಪೆಂಟೈನ್, ಫಿನಾಯಿಲ್ ಸುರಿಯುವ ರೂಢಿ ಹಸಿ ಮಾಂಸವನ್ನು ಸುಡುತ್ತದೆ. ಮನುಷ್ಯರ ನೋವಿನ ಮಾತ್ರೆಯೂ ಕೂಡದು. ಐಬುಪ್ರೊಫೆನ್ ನಾಯಿಯ ಹೊಟ್ಟೆ, ಮೂತ್ರಪಿಂಡಗಳನ್ನು ಕೆಡಿಸಬಲ್ಲದು. ಇಷ್ಟೆಲ್ಲ ಮಾಡಿದರೂ ಕೆಲವು ಕಿವಿ ನಿಲ್ಲುವುದೇ ಇಲ್ಲ, ಗಾಯದ ಕಲೆ ಬಿಗಿದು ಒಂದು ಪಕ್ಕಕ್ಕೆ ಮಡಚಿಕೊಳ್ಳುತ್ತದೆ. ಅದನ್ನು ಸರಿಪಡಿಸಲೆಂದು ಎರಡನೇ ಸಲ ಕತ್ತರಿಸುವುದು ಒಂದು ತಪ್ಪಿನ ಮೇಲೆ ಇನ್ನೊಂದು. ಬಾಗಿದ ಕಿವಿಯೊಂದಿಗೆ ನಾಯಿ ಸುಖವಾಗಿ ಬದುಕುತ್ತದೆ.

ತರಬೇತಿಯಲ್ಲೂ ಇದೇ ಕ್ರೌರ್ಯ ಮುಂದುವರಿಯುವುದು ಆಕಸ್ಮಿಕವಲ್ಲ. ಉಗ್ರವಾಗಿ ಕಾಣಲೆಂದು ಕಿವಿ ಕತ್ತರಿಸಿದವರೇ ನಾಯಿಯನ್ನು ಹದ್ದುಬಸ್ತಿನಲ್ಲಿಡಲು ಚೋಕ್ ಚೈನ್, ಮುಳ್ಳಿನ ಕಾಲರ್, ಶಾಕ್ ಕಾಲರ್ ಕೊಳ್ಳುತ್ತಾರೆ. ಮಾಲೀಕ ಹಿಂಡಿನ ನಾಯಕನಾಗಬೇಕು, ನಾಯಿಯನ್ನು ಅದುಮಿಡಬೇಕು ಎಂಬ ಉಪದೇಶದ ಮೂಲ ರುಡಾಲ್ಫ್ ಶೆಂಕೆಲ್ 1947ರಲ್ಲಿ ಬರೆದ ಬಂಧಿತ ತೋಳಗಳ ಅಧ್ಯಯನ. ಆ ಕಲ್ಪನೆಯನ್ನು ತಮ್ಮ 1970ರ ಪುಸ್ತಕದಿಂದ ಜನಪ್ರಿಯಗೊಳಿಸಿದ ಡೇವಿಡ್ ಮೆಕ್ ಅವರೇ 1999ರಲ್ಲಿ, ಕಾಡಿನ ತೋಳಗಳ ಹಿಂಡು ತಂದೆ ತಾಯಿ ಮಕ್ಕಳ ಸಂಸಾರ ಎಂದು ತೋರಿಸಿ ಅದನ್ನು ತಳ್ಳಿಹಾಕಿದರು. ಪೋರ್ಚುಗಲ್‌ನಲ್ಲಿ 92 ಸಾಕುನಾಯಿಗಳ ಮೇಲೆ ನಡೆಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನೋವು ಬೆದರಿಕೆಯಿಂದ ಕಲಿತ ನಾಯಿಗಳಲ್ಲಿ ಒತ್ತಡದ ಲಕ್ಷಣಗಳು ಹೆಚ್ಚು ಕಂಡವು. ವೇಲ್ಸ್ 2010ರಲ್ಲೇ ಶಾಕ್ ಕಾಲರ್ ನಿಷೇಧಿಸಿತು. ಕಲಿಸುವ ದಾರಿ ಸರಳವಾದದ್ದು: ಸರಿಯಾಗಿ ಮಾಡಿದ ಕ್ಷಣದಲ್ಲೇ ತಿನಿಸು ಅಥವಾ ಆಟ, ತಪ್ಪು ಮಾಡುವ ಅವಕಾಶವೇ ಸಿಗದಂತೆ ಎಚ್ಚರ, ದಿನಕ್ಕೆ ಕೆಲವು ಸಲ ನಾಲ್ಕೈದು ನಿಮಿಷದ ಪಾಠ. ಕಿವಿ ಮುಟ್ಟಿಸಿಕೊಳ್ಳಲು ಹೆದರುವ ಮರಿಗೆ ಮೊದಲು ಭುಜ, ಆಮೇಲೆ ಕುತ್ತಿಗೆ, ಕೊನೆಗೆ ಕಿವಿ ಮುಟ್ಟಿ ಪ್ರತಿ ಸಲವೂ ತಿನಿಸು ಕೊಡಬೇಕು. ಮರಿ ತಲೆ ಹಿಂದೆಗೆದರೆ ಅಲ್ಲೇ ನಿಲ್ಲಿಸಬೇಕು. ನಾಯಿ ತನ್ನ ಭಯ, ಸಂತೋಷ, ಎಚ್ಚರಿಕೆಯನ್ನು ಬೇರೆ ನಾಯಿಗಳಿಗೆ ಹೇಳುವುದು ಕಿವಿಯ ಚಲನೆಯಿಂದಲೂ. ಆ ಮಾತನ್ನು ಅರ್ಧ ಕಿತ್ತುಕೊಂಡು, ಆಮೇಲೆ ಬೇರೆ ನಾಯಿಗಳೊಂದಿಗೆ ಹೊಂದುವುದಿಲ್ಲವೆಂದು ಅದನ್ನೇ ದೂರುವುದು ಅನ್ಯಾಯ.

ಕಾನೂನು ಇಲ್ಲವೆಂದಲ್ಲ. ಪ್ರಾಣಿಹಿಂಸೆ ತಡೆ ಕಾಯ್ದೆ, 1960ರ 11ನೇ ಕಲಂ ಪ್ರಾಣಿಯನ್ನು ಅಂಗಊನ ಮಾಡುವುದನ್ನು ಅಪರಾಧವೆನ್ನುತ್ತದೆ. ಅದೇ ಕಲಮು ದನದ ಕೊಂಬು ತೆಗೆಯುವುದು, ಬೀಜ ಒಡೆಯುವುದು, ಬರೆ ಹಾಕುವುದು, ಮೂಗುದಾರ ಹಾಕುವುದಕ್ಕೆ ವಿನಾಯಿತಿ ಕೊಟ್ಟಿದೆ. ನಾಯಿಯ ಕಿವಿ ಆ ಪಟ್ಟಿಯಲ್ಲಿಲ್ಲ. ಆದರೆ ಮೊದಲ ಅಪರಾಧಕ್ಕೆ ದಂಡ 10ರಿಂದ 50 ರೂಪಾಯಿ. ಬೆಂಗಳೂರಿನಲ್ಲಿ ಒಂದು ಮಸಾಲೆ ದೋಸೆಗೂ ಸಾಲದ ಹಣಕ್ಕೆ ಒಂದು ಜೀವದ ಎರಡೂ ಕಿವಿ. ಜಲ್ಲಿಕಟ್ಟು ಪ್ರಕರಣದ 2014ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ದಂಡ ಹೆಚ್ಚಿಸುವಂತೆ ಸಂಸತ್ತಿಗೆ ಹೇಳಿತು. ಕೇಂದ್ರ 2022ರ ಕೊನೆಯಲ್ಲಿ ತಿದ್ದುಪಡಿಯ ಕರಡು ಪ್ರಕಟಿಸಿ ಜನರ ಅಭಿಪ್ರಾಯ ಕೇಳಿತು, ಅಲ್ಲಿಗೇ ಬಿಟ್ಟಿತು. ಆದರೆ 2024ರ ಮಾರ್ಚಿನಲ್ಲಿ 23 ತಳಿಗಳನ್ನು ಕ್ರೂರವೆಂದು ನಿಷೇಧಿಸಲು ಅದೇ ಸರ್ಕಾರ ಆತುರಪಟ್ಟು ಸುತ್ತೋಲೆ ಹೊರಡಿಸಿತು. ಸಂಬಂಧಪಟ್ಟವರ ಮಾತು ಕೇಳದೆ ಹೊರಡಿಸಿದ್ದೆಂದು ಏಪ್ರಿಲಿನಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ರದ್ದುಗೊಳಿಸಿತು. ನಾಯಿಯನ್ನು ಕ್ರೂರಿಯೆನ್ನಲು ಇಷ್ಟು ಅವಸರ, ನಾಯಿಯ ಮೇಲೆ ಕ್ರೌರ್ಯ ಎಸಗಿದವನ ದಂಡ ಮಾತ್ರ 1960ರಲ್ಲಿ ನಿಂತಲ್ಲೇ ನಿಂತಿದೆ.

ದಂಡ ಸಾವಿರಗಳಿಗೆ ಏರಬೇಕು, ಕತ್ತರಿ ಹಿಡಿದ ವೈದ್ಯನ ನೋಂದಣಿ ಹೋಗಬೇಕು, ಕತ್ತರಿಸಿದ ಕಿವಿಯ ನಾಯಿಗೆ ಪ್ರದರ್ಶನದ ಅಂಗಳದಲ್ಲಿ ಬಹುಮಾನ ಸಿಗಬಾರದು. ಕೊಳ್ಳುವವರು ಕಾನೂನಿಗಾಗಿ ಕಾಯಬೇಕಿಲ್ಲ: ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ ಎಂದು 2017ರ ನಾಯಿ ಸಾಕಣೆ ಮತ್ತು ಮಾರಾಟ ನಿಯಮಗಳೇ ಹೇಳುತ್ತವೆ. ಎಂಟು ವಾರ ತುಂಬಿದ, ಹುಟ್ಟಿದ ಕಿವಿ ಹಾಗೇ ಇರುವ ಮರಿಯನ್ನೇ ಕೇಳಿ ತರಬೇಕು; ಕಿವಿ ಕಟ್ ಮಾಡಿಸಿಕೊಡುತ್ತೇವೆ ಎನ್ನುವ ಬ್ರೀಡರ್‌ಗೆ ಮುಂಗಡ ಕೊಡಬಾರದು.