ನಡುರಾತ್ರಿಯ ಕಾಲ್ಚೆಂಡು

1986ರ ಜೂನ್ ತಿಂಗಳು. ಆಗ ನಾನು ಕಾಲೇಜು ವಿದ್ಯಾರ್ಥಿ. ನಮ್ಮ ಬೀದಿಯಲ್ಲಿ ದೂರದರ್ಶನದ ಪೆಟ್ಟಿಗೆಯಿದ್ದ ಮನೆಗಳು ಮೂರೇ. ಅವುಗಳಲ್ಲಿ ನಮ್ಮದೂ ಒಂದು. ಮೆಕ್ಸಿಕೋದಲ್ಲಿ ನಡುಹಗಲಿಗೆ ಆರಂಭವಾಗುವ ವಿಶ್ವಕಪ್ ಪಂದ್ಯ ನಮಗೆ ರಾತ್ರಿ 11.30ಕ್ಕೆ. ನೆರೆಹೊರೆಯವರು ಊಟ ಮುಗಿಸಿ ಚಾಪೆ ಹಿಡಿದು ಬರುತ್ತಿದ್ದರು. ತಾಯಿಯವರು ಫ್ಲಾಸ್ಕಿನಲ್ಲಿ ಕಾಫಿ ತುಂಬಿಟ್ಟು ಮಲಗುತ್ತಿದ್ದರು. ಆಂಟೆನಾ ತಿರುಗಿಸಲು ಮಾಳಿಗೆಯ ಮೇಲೊಬ್ಬ ಸದಾ ಸಿದ್ಧ.

ಜೂನ್ 22ರಂದು ಅರ್ಜೆಂಟೀನಾಕ್ಕೆ ಇಂಗ್ಲೆಂಡ್ ಎದುರಾಳಿ. 51ನೆಯ ನಿಮಿಷದಲ್ಲಿ ಡಿಯೇಗೊ ಮರಡೋನಾ ಚೆಂಡನ್ನು ಕೈಯಿಂದ ಗೋಲಿಗೆ ತಳ್ಳಿದ. ತೀರ್ಪುಗಾರರಿಗೆ ಅದು ಕಾಣಲಿಲ್ಲ. ನಾವು ಕುಣಿದೆವು. ಆಟವೆಂದರೆ ಕಾಲಹರಣವೆನ್ನುತ್ತಿದ್ದ ತಂದೆಯವರು ಮೂಲೆಯಿಂದ, "ಅದು ಕೈ. ಕದ್ದ ಕಾಸಿಗೆ ಕುಣಿಯಬಾರದು" ಎಂದರು. ಎಲ್ಲರೂ ಸುಮ್ಮನಾದೆವು. ನಾಲ್ಕು ನಿಮಿಷಗಳ ತರುವಾಯ ಅದೇ ಮರಡೋನಾ ತನ್ನ ಅರ್ಧದಿಂದಲೇ ಹೊರಟು, ಎದುರಾಳಿಗಳನ್ನು ಒಬ್ಬೊಬ್ಬರನ್ನಾಗಿ ದಾಟಿ ಗೋಲು ಹೊಡೆದಾಗ ಮೊದಲು ಚಪ್ಪಾಳೆ ತಟ್ಟಿದವರೂ ಅವರೇ!

2020ರ ನವೆಂಬರ್ 25ರಂದು ಮರಡೋನಾ ತೀರಿಕೊಂಡ ಸುದ್ದಿ ಬಂದಾಗ ನನಗೆ ನೆನಪಾದವರು ತಂದೆಯವರು. ಆ ವೇಳೆಗೆ ಅವರೂ ಇರಲಿಲ್ಲ.

ಇಂದು ಮೊಮ್ಮಗ ಅಂಗೈಯಗಲದ ತೆರೆಯಲ್ಲಿ ಒಬ್ಬನೇ ಪಂದ್ಯ ನೋಡುತ್ತಾನೆ. ಚಿತ್ರ ಅಂದಿಗಿಂತ ನಿಚ್ಚಳ. ಆದರೆ ತಪ್ಪನ್ನು ತಪ್ಪೆಂದು, ಚೆಲುವನ್ನು ಚೆಲುವೆಂದು ಹೇಳುವ ಹಿರಿಯರು ಮೂಲೆಯಲ್ಲಿಲ್ಲ. ಆ ಮೂಲೆ ಈಗ ನನ್ನದೆಂದು ತಡವಾಗಿ ತಿಳಿಯಿತು. ಈಗೀಗ ನಾನೂ ಅವನ ಬಳಿ ಕೂರುತ್ತೇನೆ. ನಿಮ್ಮ ಮನೆಯಲ್ಲಿಯೂ ಅಂಥದೊಂದು ಮೂಲೆ ಬರಿದಾಗಿದ್ದರೆ, ಒಂದು ಚಾಪೆ ಹಾಸಿ ನೋಡಿ.